ಗಾಡಿ ಪೇಪರಿನ ಇತಿಹಾಸ: ಬೈಕ್ ಇನ್ಶೂರೆನ್ಸ್ ಯಾರನ್ನ ಕಾಯ್ತದ, ಯಾರನ್ನ ಕಾಯಂಗಿಲ್ಲ

ಭಾಗ 1/10

"ಗಾಡಿ ಪೇಪರ್ ಕರೆಕ್ಟ್ ಅದಾವಿಲ್ಲೊ?" ಅಂತ ಕೇಳಿದ್ರ ನಮ್ಮ ಕಡೆ ಎಲ್ಲಾರೂ "ಹೂಂ, ಇನ್ಶೂರೆನ್ಸ್ ಐತಿ" ಅಂತಾರ. "ಯಾವ ಇನ್ಶೂರೆನ್ಸ್?" ಅಂತ ಮುಂದ ಕೇಳ್ರಿ, ಮಾತು ಅಲ್ಲಿಗೇ ನಿಲ್ತದ. ಪೊಲೀಸರು ಕೈ ಮಾಡಿದಾಗ ತೋರಸಾಕ ಒಂದು ಕಾಗದ ಬೇಕು, ಅದು ಮೊಬೈಲಿನಾಗ ಐತಿ, ಮುಗೀತು.

ಆದರೆ ಆ ಕಾಗದ ಪೊಲೀಸರಿಗಾಗಿ ಹುಟ್ಟಿದ್ದಲ್ಲ. ಅದರ ಒಂದೊಂದು ಸಾಲಿನ ಹಿಂದೆ ಒಂದೊಂದು ಕಾನೂನು, ಒಂದೊಂದು ತೀರ್ಪು, ರಸ್ತೆಯಲ್ಲಿ ಸತ್ತವರ ಮನೆಯವರು ವರ್ಷಗಟ್ಟಲೆ ಕೋರ್ಟು ತುಳಿದ ಕಥೆ ಇದೆ. ಅಂಥ ಒಂದು ಕಥೆ ನಮ್ಮ ಗೊಳಸಂಗಿ ಮಗ್ಗಲ ಹಾದು ಹೋಗೋ ಇದೇ ಹೆದ್ದಾರಿ ಮೇಲೆ ನಡೆದು, ದೆಹಲಿಯ ಸುಪ್ರೀಂ ಕೋರ್ಟಿನ ತನಕ ಹೋಗೇತಿ. ಅದನ್ನ 6ನೇ ಭಾಗದಾಗ ಹೇಳ್ತೀನಿ.

ಯಾಕ ಈ ಸರಣಿ ಅಂದ್ರ, ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ 74,897 ಜನ ದ್ವಿಚಕ್ರ ವಾಹನದ ಮೇಲಿದ್ದವರು. ಅಂದರೆ ನೂರರಲ್ಲಿ ಹೆಚ್ಚು ಕಡಿಮೆ 44 ಮಂದಿ. ಲಾರಿ ಅಲ್ಲ, ಕಾರಲ್ಲ, ನಮ್ಮಂಥವರ ಗಾಡಿ. ಆದರೆ ಈ ಕಾನೂನು ಹುಟ್ಟಿದಾಗ ಬೈಕ್ ಸವಾರ ಅದರ ಕಣ್ಣಿಗೆ ಬಿದ್ದಿರಲೇ ಇಲ್ಲ. ಬಿದ್ದಿದ್ದರೂ ಗುದ್ದುವವನಾಗಿ ಬಿದ್ದಿದ್ದ, ಸಾಯುವವನಾಗಿ ಅಲ್ಲ. ಈ ಒಂದು ಮಾತು ತಲ್ಯಾಗ ಇಟ್ಕೊಂಡು ಓದ್ರಿ, ಉಳಿದದ್ದೆಲ್ಲ ತಾನಾಗೇ ತಿಳೀತದ.

ಭಾಗ 2/10: ಇನ್ಶೂರೆನ್ಸ್ ಇಲ್ಲದ ಕಾಲ

ಮೋಟಾರ್ ಬರೋಕಿಂತ ಮೊದಲು ರೈಲು ಬಂತು. ರೈಲಿನ ಜೊತೆಗೆ ಅಪಘಾತಗಳೂ ಬಂದವು. ಇಂಗ್ಲೆಂಡಿನ ಹಳೆಯ ಕಾನೂನು ವಿಚಿತ್ರವಾಗಿತ್ತು. ಒಬ್ಬನ ಕಾಲು ಮುರಿದರೆ ಅವನು ಪರಿಹಾರ ಕೇಳಬಹುದು, ಸತ್ತೇ ಹೋದರೆ ಅವನ ಹಕ್ಕೂ ಅವನ ಜೊತೆಗೇ ಸತ್ತಂತೆ. ಹೆಂಡತಿ ಮಕ್ಕಳಿಗೆ ಏನೂ ಇಲ್ಲ. 1846ರಲ್ಲಿ ಅಲ್ಲಿ ಇದನ್ನು ಬದಲಿಸಿದರು. ಅದನ್ನೇ ನೋಡಿ ಭಾರತದಲ್ಲಿ 1855ರಲ್ಲಿ ಮಾರಕ ಅಪಘಾತಗಳ ಕಾಯ್ದೆ ಬಂತು. ಸತ್ತವನ ಹೆಂಡತಿ, ಗಂಡ, ತಂದೆ ತಾಯಿ, ಮಕ್ಕಳು ದಾವೆ ಹಾಕಬಹುದು ಎಂದಾಯಿತು.

ಹಕ್ಕು ಬಂತು ಖರೆ, ರೊಕ್ಕ ಬರಲಿಲ್ಲ. ಮೊದಲು ಸಿವಿಲ್ ಕೋರ್ಟಿನಲ್ಲಿ ಎದುರಿನವನ ತಪ್ಪು ಸಾಬೀತು ಮಾಡಬೇಕು. ಗೆದ್ದರೂ ಅವನ ಹತ್ತಿರ ಆಸ್ತಿ ಇರಬೇಕು. ಇಲ್ಲದಿದ್ದರೆ ಕೈಯಲ್ಲಿ ಉಳಿಯೋದು ಡಿಕ್ರಿ ಕಾಗದ ಮಾತ್ರ.

20ನೇ ಶತಮಾನದ ಮೊದಲ ವರ್ಷಗಳಲ್ಲಿ ಲಂಡನ್ನಿನ ಲಾಯ್ಡ್ಸ್ ಮಾರುಕಟ್ಟೆಯಲ್ಲಿ ಮೋಟಾರ್ ಪಾಲಿಸಿ ಶುರುವಾದಾಗ ಅದಕ್ಕೆ ಪ್ರತ್ಯೇಕ ಅರ್ಜಿಯೂ ಇರಲಿಲ್ಲ. ಹಡಗಿನ ವಿಮೆ ಬರೆಯುವ ಮಂದಿ ಹಡಗಿನ ಕಾಗದದ ಮೇಲೇ ಕಾರಿಗೆ ವಿಮೆ ಬರೆದರಂತೆ, ನೆಲದ ಮೇಲೆ ಓಡೋ ಹಡಗು ಅಂತ. ಆದರೆ ಆ ಪಾಲಿಸಿ ಬೇಕಾದವನು ಮಾತ್ರ ಮಾಡಿಸೋದು. ದುಡ್ಡಿದ್ದವನು ತನ್ನ ಗಾಡಿ ಕಾಪಾಡಿಕೊಳ್ಳೋ ಉಪಾಯ ಅದು. ಅವನ ಗಾಲಿಗೆ ಸಿಕ್ಕವನ ಗತಿ ಏನು? ಯಾರೂ ಕೇಳಿರಲಿಲ್ಲ.

ಆ ಪ್ರಶ್ನೆ ಕೇಳಿದ ಮೇಲೆಯೇ ಕಡ್ಡಾಯ ವಿಮೆ ಹುಟ್ಟಿದ್ದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1927ರಿಂದ ಜಾರಿ. ಬ್ರಿಟನ್ನಿನಲ್ಲಿ 1930ರ ರಸ್ತೆ ಸಂಚಾರ ಕಾಯ್ದೆ. ಅದೇ ವರ್ಷ ಅಲ್ಲಿ ಇನ್ನೊಂದು ಕಾಯ್ದೆಯೂ ಬಂತು: ಗಾಡಿ ಮಾಲೀಕ ದಿವಾಳಿಯಾದರೂ ಪೆಟ್ಟು ತಿಂದವನು ನೇರವಾಗಿ ವಿಮಾ ಕಂಪನಿಯನ್ನೇ ಹಿಡಿಯಬಹುದು.

ಭಾಗ 3/10: "ಥರ್ಡ್ ಪಾರ್ಟಿ" ಅಂದ್ರ ಯಾರು?

ನಮ್ಮಲ್ಲಿ 1914ರ ಮೋಟಾರ್ ಕಾಯ್ದೆಯಲ್ಲಿ ನೋಂದಣಿ, ಲೈಸೆನ್ಸ್ ಎಲ್ಲ ಇದ್ದವು, ವಿಮೆ ಇರಲಿಲ್ಲ. 1936-37ರಲ್ಲಿ ಸರ್ಕಾರ ಇದಕ್ಕಂತಲೇ ಒಂದು ಸಮಿತಿ ಮಾಡಿತು. 1939ರ ಮೋಟಾರು ವಾಹನ ಕಾಯ್ದೆಯ 8ನೇ ಅಧ್ಯಾಯದಲ್ಲಿ ಕಡ್ಡಾಯ ವಿಮೆ ಬಂತು. ಆದರೆ ಆ ಅಧ್ಯಾಯ ಕಾಗದದ ಮೇಲೇ ಕೂತಿತು. ಜಾರಿಗೆ ಬಂದದ್ದು ಮಹಾಯುದ್ಧ ಮುಗಿದ ಮೇಲೆ, 1946ರ ಜುಲೈ 1ರಂದು. ಇವತ್ತು ನೀವು ಮಾಡಸೋ ಥರ್ಡ್ ಪಾರ್ಟಿ ಪಾಲಿಸಿಯ ಹುಟ್ಟಿದ ದಿನ ಅದೇ. ಸ್ವಾತಂತ್ರ್ಯಕ್ಕಿಂತ ಒಂದು ವರ್ಷ ದೊಡ್ಡದು.

ಆಗ ನಮ್ಮ ವಿಜಯಪುರ ಜಿಲ್ಲೆ ಮುಂಬೈ ಪ್ರಾಂತದಾಗಿತ್ತು. ಬಾಗಲಕೋಟೆ, ಇಳಕಲ್ ಎಲ್ಲಾ ನಮ್ಮ ಜಿಲ್ಲೆಯೇ. ಇಳಕಲ್ ದಾಟಿ ಕುಷ್ಟಗಿಗೆ ಹೋದ್ರ ಅದು ನಿಜಾಮರ ಸೀಮೆ. ಅಂದರೆ ಒಂದೇ ದಾರಿ, ಈ ಕಡೆ ಬ್ರಿಟಿಷ್ ಭಾರತದ ಕಾನೂನು, ಆ ಕಡೆ ಹೈದರಾಬಾದ್ ಸಂಸ್ಥಾನದ ಕಾನೂನು. ಒಂದೇ ನಾಡಾಗಿದ್ದು 1956ರ ನವೆಂಬರ್ 1ಕ್ಕೆ.

ಈಗ ಹೆಸರು ನೋಡ್ರಿ. ಪಾಲಿಸಿ ಅಂದ್ರ ಇಬ್ಬರ ನಡುವಿನ ಕರಾರು. ಗಾಡಿ ಮಾಲೀಕ ಒಂದನೇ ಪಾರ್ಟಿ. ವಿಮಾ ಕಂಪನಿ ಎರಡನೇ ಪಾರ್ಟಿ. ಕರಾರಿನಲ್ಲಿ ಇಲ್ಲದ, ರಸ್ತೆ ಮೇಲೆ ಹೊಂಟ ಮನುಷ್ಯ ಮೂರನೆಯವ, ಅವನೇ ಥರ್ಡ್ ಪಾರ್ಟಿ. ಕಾನೂನು ಕಡ್ಡಾಯ ಮಾಡಿದ್ದು ಆ ಮೂರನೆಯವನ ಸಲುವಾಗಿ ಮಾತ್ರ.

ಯಾಕೆ ಹಾಗೆ? ನನಗೆ ಕಾಣೋದು ಇಷ್ಟು: 1939ರಲ್ಲಿ ಮೋಟಾರ್ ಇಟ್ಟವನು ಉಳ್ಳವನು, ನಡೆದು ಹೋಗುವವನು ಇಲ್ಲದವನು. ಉಳ್ಳವನು ತನ್ನನ್ನು ತಾನೇ ನೋಡಿಕೊಳ್ಳುತ್ತಾನೆ, ಇಲ್ಲದವನನ್ನು ಕಾನೂನು ನೋಡಬೇಕು. ಆ ಕಾಲಕ್ಕೆ ಲೆಕ್ಕ ಸರಿ ಇತ್ತು. ಆಮೇಲೆ ರಸ್ತೆ ಬದಲಾಯಿತು, ಲೆಕ್ಕ ಮಾತ್ರ ಹಾಗೇ ಉಳಿಯಿತು.

ಭಾಗ 4/10: ರಸ್ತೆ ಬದಲಾದದ್ದು

1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಬುಲೆಟ್ ಶುರು. 1960ರ ದಶಕದ ಆರಂಭದಲ್ಲಿ ನಮ್ಮ ಮೈಸೂರಿನಲ್ಲೇ ಐಡಿಯಲ್ ಜಾವಾ ಫ್ಯಾಕ್ಟರಿ. ಜೊತೆಗೆ ರಾಜದೂತ್. 1972ರಲ್ಲಿ ಬಜಾಜ್ ಚೇತಕ್, ಲೂನಾ. ಅಲ್ಲಿಯ ತನಕ ಹಳ್ಳಿಯಲ್ಲಿ ಗಾಡಿ ಅಂದರೆ ಗೌಡರ ಮನೆಯದು, ಇಲ್ಲ ಮಾಸ್ತರರದು, ಇಲ್ಲ ಡಾಕ್ಟರರದು.

1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂತು. ಕಡಿಮೆ ಪೆಟ್ರೋಲ್, ಹೆಚ್ಚು ದಾರಿ. 1994ರಲ್ಲಿ ಸ್ಪ್ಲೆಂಡರ್. ಇಲ್ಲಿಂದ ಮುಂದೆ ಗಾಡಿ ಉಳ್ಳವರ ವಸ್ತುವಾಗಿ ಉಳಿಯಲಿಲ್ಲ. ಹಾಲು ಹಾಕೋರು, ಗೌಂಡಿ ಕೆಲಸದೋರು, ಸಂತೆಗೆ ಹೋಗೋರು, ಕಾಲೇಜಿಗೆ ಹೋಗೋ ನಾವು, ಎಲ್ಲರೂ ಗಾಡಿ ಮ್ಯಾಲೆ. ಚಕ್ಕಡಿ ಹೂಡೋ ಮನ್ಯಾಗೂ ಒಂದು ಸ್ಪ್ಲೆಂಡರ್ ನಿಂತಿತು. 1939ರ ಕಾನೂನು ಯಾರನ್ನು "ಇಲ್ಲದವನು" ಅಂತ ರಸ್ತೆ ಬದಿಯಲ್ಲಿ ನಡೆಸಿತ್ತೋ, ಅವನೇ ಈಗ ಗಾಡಿ ಮಾಲೀಕ.

ಇತ್ತ ಕಾನೂನಿನ ಕಡೆ ಎರಡು ದೊಡ್ಡ ಬದಲಾವಣೆ. ಒಂದು, 1956ರ ತಿದ್ದುಪಡಿ: ಅಪಘಾತ ಪರಿಹಾರಕ್ಕೆ ಬೇರೆಯೇ ನ್ಯಾಯಮಂಡಳಿ. ವಕೀಲರು "ಎಂಎಸಿಟಿ" ಅಂತಾರಲ್ಲ, ಅದು. ಸಿವಿಲ್ ಕೋರ್ಟಿನ ದೊಡ್ಡ ಫೀ, ಉದ್ದದ ದಾವೆ ತಪ್ಪಲಿ ಅಂತ ಮಾಡಿದ್ದು. ಎರಡು, 1973ರ ಜನವರಿ 1ರಿಂದ ಸಾಮಾನ್ಯ ವಿಮೆ ಪೂರ್ತಿ ಸರ್ಕಾರದ ಕೈಗೆ. 107 ಕಂಪನಿಗಳನ್ನು ಕೂಡಿಸಿ ನಾಲ್ಕು ಮಾಡಿದರು: ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ. ಖಾಸಗಿ ಕಂಪನಿಗಳು ಮತ್ತೆ ಬಂದದ್ದು 1999ರ ಐಆರ್‌ಡಿಎ ಕಾಯ್ದೆ ಆದ ಮೇಲೆ.

ಆದರೂ ನಮ್ಮ ಭಾಗದವರಿಗೆ ಮೇಲ್ಮನವಿ ಅಂದರೆ ಬೆಂಗಳೂರೇ ಆಗಿತ್ತು. ಹೈಕೋರ್ಟ್ ಪೀಠ ಧಾರವಾಡ, ಕಲಬುರಗಿಗೆ ಬಂದದ್ದು 2008ರ ಜುಲೈಯಲ್ಲಿ. ವಿಜಯಪುರ ಜಿಲ್ಲೆ ಈಗ ಕಲಬುರಗಿ ಪೀಠಕ್ಕೆ ಸೇರಿದೆ.

ಭಾಗ 5/10: 714 ರೂಪಾಯಿ ಮತ್ತು 32 ಲಕ್ಷ

1982ರಲ್ಲಿ ಒಂದು ಹೊಸ ವಿಚಾರ ಕಾನೂನಿಗೆ ಬಂತು: ಯಾರ ತಪ್ಪು ಅಂತ ತೀರ್ಮಾನ ಆಗೋ ಮುಂಚೆಯೇ ಸ್ವಲ್ಪ ದುಡ್ಡು. ಸತ್ತರೆ 15,000, ಶಾಶ್ವತ ಊನಕ್ಕೆ 7,500. ಈಗಿನ 1988ರ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂತು. 1994ರಲ್ಲಿ 163-ಎ ಕಲಂ ಸೇರಿತು: ವರ್ಷಕ್ಕೆ 40,000 ರೂಪಾಯಿ ತನಕ ಆದಾಯ ಇರೋ ಬಡವರಿಗೆ, ತಪ್ಪು ಸಾಬೀತು ಮಾಡದೇನೇ, ಒಂದು ಪಟ್ಟಿಯ ಪ್ರಕಾರ ಪರಿಹಾರ. ಈ ಕಲಮಿನ ಹೆಸರು ನೆನಪಿಡ್ರಿ, ಮುಂದೆ ಬೇಕು.

ದೊಡ್ಡ ಪರಿಹಾರದ ಲೆಕ್ಕಕ್ಕೆ ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಪ್ರಕರಣ, 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ಒಂದು ಸೂತ್ರ ಹಾಕಿಕೊಟ್ಟಿತು. ಒಂದು ಉದಾಹರಣೆ ಮಾಡೋಣ. ನಿಮ್ಮ ಬೈಕ್ ಬಡಿದು 30 ವರ್ಷದ ಒಬ್ಬ ಗೌಂಡಿ ತೀರಿಕೊಂಡ ಅಂತ ಇಟ್ಕೊಳ್ರಿ. ತಿಂಗಳಿಗೆ 15,000 ದುಡೀತಿದ್ದ, ಮನೆಯಲ್ಲಿ ಅವನನ್ನೇ ನಂಬಿದವರು ನಾಲ್ಕು ಮಂದಿ.

ವರ್ಷದ ಆದಾಯ: 1,80,000.
ಮುಂದೆ ಬೆಳೀತಿದ್ದ ಅಂತ 40% ಕೂಡಿಸಿದ್ರ: 2,52,000.
ಅವನ ಸ್ವಂತ ಖರ್ಚು ಅಂತ ಕಾಲು ಭಾಗ ತೆಗೆದ್ರ: 1,89,000.
30ರ ವಯಸ್ಸಿಗೆ ಗುಣಕ 17.
1,89,000 × 17 = 32,13,000.

ಇದರ ಮೇಲೆ ಅಂತ್ಯಕ್ರಿಯೆ, ಹೆಂಡತಿ ಮಕ್ಕಳಿಗೆ ಸಂಗಾತದ ನಷ್ಟ, ಬಡ್ಡಿ ಬೇರೆ.

2022ರ ಜೂನ್ 1ರಿಂದ ಬಂದ ದರ ಪಟ್ಟಿಯ ಪ್ರಕಾರ 75ರಿಂದ 150 ಸಿಸಿ ಗಾಡಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 714 ರೂಪಾಯಿ. 18% ಜಿಎಸ್‌ಟಿ ಸೇರಿ ಸುಮಾರು 843. ಸ್ಪ್ಲೆಂಡರ್ ಇದರಾಗ ಬರ್ತದ. ಸಾವು, ಗಾಯದ ಪರಿಹಾರಕ್ಕೆ ಈ ಪಾಲಿಸಿಯಲ್ಲಿ ಮೇಲ್ಮಿತಿ ಇಲ್ಲ; ನ್ಯಾಯಮಂಡಳಿ ಎಷ್ಟು ಹೇಳಿದರೂ ಕಂಪನಿ ಕೊಡಬೇಕು. ಪಾಲಿಸಿ ಇಲ್ಲದಿದ್ದರೆ? ಆ 32 ಲಕ್ಷ ಗಾಡಿ ಯಾರ ಹೆಸರಲ್ಲಿದೆಯೋ ಅವರ ತಲೆಗೆ, ಓಡಿಸಿದವನ ತಲೆಗೆ. ಅಪ್ಪನ ಹೆಸರಲ್ಲಿದ್ದರೆ ಅಪ್ಪನ ಹೊಲಕ್ಕೆ ಜಪ್ತಿ ಬರ್ತದ. ಕಾಯ್ದೆಯಲ್ಲಿರೋ ದಂಡ ಮೊದಲ ಸಲ 2,000. ಅದು ಸಣ್ಣ ಭಯ. ಹೊಲ ಹೋಗೋದು ದೊಡ್ಡ ಭಯ.

ಭಾಗ 6/10: ಇಳಕಲ್ ದಾರಿಯ ಪ್ರಕರಣ

ಈಗ ನಮ್ಮ ಹೆದ್ದಾರಿ ಕಥೆಗೆ ಬರೋಣ. ಇವತ್ತಿನ ರಾಷ್ಟ್ರೀಯ ಹೆದ್ದಾರಿ 50ಕ್ಕೆ ಆಗ 13 ಅನ್ನೋ ನಂಬರ್ ಇತ್ತು, ಸೊಲ್ಲಾಪುರದಿಂದ ಮಂಗಳೂರಿಗೆ ಹೋಗೋ ದಾರಿ. ವಿಜಯಪುರದಿಂದ ನಮ್ಮ ಕಡೆ ಹಾದು, ಕೃಷ್ಣಾ ದಾಟಿ, ಇಳಕಲ್, ಕುಷ್ಟಗಿ ಮುಟ್ಟತದ.

ಒಬ್ಬ ಮನುಷ್ಯ ಇಳಕಲ್‌ನಿಂದ ತನ್ನೂರು ಗುಡೂರಿಗೆ ಹೊರಟಿದ್ದ. ಗಾಡಿ ಹೀರೊ ಹೋಂಡಾ. ತನ್ನದಲ್ಲ, ಕೇಳಿ ತಂದದ್ದು. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಮುಂದೆ ಕಬ್ಬಿಣದ ತಗಡು ಹೇರಿಕೊಂಡ ಒಂದು ಚಕ್ಕಡಿ ಹೋಗ್ತಿತ್ತು. ಅದು ಒಮ್ಮೆಲೇ ನಿಂತಿತು. ಬೈಕ್ ಹೋಗಿ ಬಡಿಯಿತು. ಆತ ಉಳಿಯಲಿಲ್ಲ.

ಮನೆಯವರು 163-ಎ ಕಲಂ ಕೆಳಗೆ ಪರಿಹಾರ ಕೇಳಿದರು. ಬಡವರು, ತಪ್ಪು ಸಾಬೀತು ಮಾಡೋ ಅಗತ್ಯ ಇಲ್ಲದ ಕಲಂ, ಗಾಡಿಗೆ ವಿಮೆ ಇತ್ತು. ನ್ಯಾಯಮಂಡಳಿ ಪರಿಹಾರ ಕೊಟ್ಟಿತು. ವಿಮಾ ಕಂಪನಿ ಮೇಲ್ಮನವಿ ಹೋಯಿತು, ಹೈಕೋರ್ಟ್ ಅದನ್ನು ರದ್ದು ಮಾಡಿತು. ಮನೆಯವರು ಸುಪ್ರೀಂ ಕೋರ್ಟಿಗೆ ಹೋದರು. ತೀರ್ಪು ಬಂದದ್ದು 2009ರಲ್ಲಿ.

ಕೋರ್ಟಿನ ತರ್ಕ ಸರಳ, ಕಠೋರ. 163-ಎ ಕೆಳಗೆ ಕೊಡಬೇಕಾದವನು ಗಾಡಿ ಮಾಲೀಕ. ಅವನ ಪರವಾಗಿ ವಿಮಾ ಕಂಪನಿ. ಗಾಡಿ ಕೇಳಿ ತಂದವನು ಆ ಹೊತ್ತಿಗೆ ಮಾಲೀಕನ ಜಾಗದಲ್ಲಿ ನಿಂತ ಹಾಗೆ. ಮಾಲೀಕನೇ ಕೊಡುವವನೂ ಆಗಿ, ಪಡೆಯುವವನೂ ಆಗಲು ಬರುವುದಿಲ್ಲ. ಆದ್ದರಿಂದ ಈ ಕಲಂ ಕೆಳಗೆ ಅರ್ಜಿ ನಿಲ್ಲುವುದಿಲ್ಲ. ಬೇರೆ ಕಲಂ ಕೆಳಗೆ ನ್ಯಾಯಯುತ ಪರಿಹಾರ ಕೊಡಲು ಬರುತ್ತದೆಯೇ ಎಂದು ಮತ್ತೆ ನೋಡಿ ಅಂತ ಪ್ರಕರಣವನ್ನು ಹೈಕೋರ್ಟಿಗೆ ವಾಪಸ್ ಕಳಿಸಿದರು.

ಇದರಾಗ ಇನ್ನೊಂದು ಮಾತು ಐತಿ. ಚಕ್ಕಡಿ ಮೋಟಾರ್ ಗಾಡಿ ಅಲ್ಲ, ಅದಕ್ಕೆ ಕಡ್ಡಾಯ ವಿಮೆ ಇಲ್ಲ. ಎದುರಿಗೆ ಲಾರಿ ಇದ್ದಿದ್ರ ಮನೆಯವರಿಗೆ ಲಾರಿಯ ಥರ್ಡ್ ಪಾರ್ಟಿ ಪಾಲಿಸಿ ಹಿಡಿಯೋ ದಾರಿಯಾದರೂ ಇರ್ತಿತ್ತು. ಚಕ್ಕಡಿ, ನಾಯಿ, ಎಮ್ಮೆ, ಗುಂಡಿ, ರಾತ್ರಿ ಕಾಣದ ಮಣ್ಣಿನ ಗುಡ್ಡೆ: ನಮ್ಮ ದಾರಿ ಮೇಲೆ ಬೈಕ್ ಸವಾರನನ್ನು ಕೆಡವೋ ಎಷ್ಟೋ ವಸ್ತುಗಳಿಗೆ ಪಾಲಿಸಿಯೇ ಇಲ್ಲ. ಅಂಥಲ್ಲಿ ನಿಮ್ಮ ಮನೆಯವರಿಗೆ ಉಳಿಯೋದು ನೀವು ನಿಮಗಂತ ಮಾಡಿಸಿಟ್ಟ ವಿಮೆ ಅಷ್ಟೇ.

ಭಾಗ 7/10: ಹಿಂದ ಕೂತವರು, ಗಾಡಿ ಕೊಟ್ಟವರು, ಗಾಡಿ ಮಾರಿದವರು

ಹಿಂದ ಕೂತವರು: ಗೆಳೆಯ ನಿಮ್ಮ ಗಾಡಿ ಹಿಂದೆ ಕೂತಾನ. ಅವನು ಥರ್ಡ್ ಪಾರ್ಟಿ ಅಲ್ಲೇನು? ನಮ್ಮ ತಲೆಗೆ ಹೌದು ಅನ್ನಿಸ್ತದ. ಆದರೆ 2006 ಮತ್ತು 2008ರ ಎರಡು ತೀರ್ಪುಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆ. ಬರೀ ಕಾನೂನಿನ ಮಟ್ಟಿಗಿರೋ ಪಾಲಿಸಿಯಲ್ಲಿ, ಅಂದರೆ ಥರ್ಡ್ ಪಾರ್ಟಿ ಮಾತ್ರ ಇದ್ದಾಗ, ನಿಮ್ಮ ಗಾಡಿಯ ಹಿಂದಿನ ಸವಾರನಿಗೆ ನಿಮ್ಮ ವಿಮಾ ಕಂಪನಿ ಹೊಣೆ ಅಲ್ಲ. 2012ರಲ್ಲಿ ಇನ್ನೊಂದು ತೀರ್ಪು: ಪ್ಯಾಕೇಜ್ ಪಾಲಿಸಿ, ನಾವು "ಫುಲ್ ಇನ್ಶೂರೆನ್ಸ್" ಅಂತೀವಲ್ಲ, ಅದರಾಗ ಗಾಡಿ ಮ್ಯಾಲಿದ್ದವರೂ ಬರ್ತಾರ. ಅಂದರೆ ನಿಮ್ಮ ಹಿಂದೆ ಕೂಡೋ ತಂಗಿ, ಅವ್ವ, ಗೆಳತಿ, ಗೆಳೆಯ ಇವರ ಹಣೆಬರಹ ನೀವು ತಗೊಂಡ ಪಾಲಿಸಿಯ ಜಾತಿ ಮೇಲೆ ನಿಂತದ.

ಗಾಡಿ ಕೊಟ್ಟವರು: ಲೈಸೆನ್ಸ್ ಇಲ್ಲದವನ ಕೈಗೆ ಕೀಲಿ ಕೊಟ್ಟರೆ ಏನಾಗ್ತದ? 2004ರ ಸ್ವರ್ಣ ಸಿಂಗ್ ತೀರ್ಪಿನ ಸಾರ ಇಷ್ಟು: ಮಾಲೀಕ ಗೊತ್ತಿದ್ದೂ ನಿಯಮ ಮುರಿದಿದ್ದರೂ ಪೆಟ್ಟು ತಿಂದ ಮೂರನೆಯವನನ್ನು ಬರಿಗೈಲಿ ಕಳಿಸಬಾರದು. ಕಂಪನಿ ಮೊದಲು ಕೊಡಬೇಕಾಗಬಹುದು, ಆಮೇಲೆ ಅದೇ ದುಡ್ಡನ್ನು ಮಾಲೀಕನಿಂದ ವಸೂಲಿ ಮಾಡ್ತದ. ಲರ್ನಿಂಗ್ ಲೈಸೆನ್ಸ್ ಕೂಡ ಲೈಸೆನ್ಸೇ ಅಂತಲೂ ಅದೇ ತೀರ್ಪು ಹೇಳ್ತದ. 18 ತುಂಬದ ತಮ್ಮನಿಗೆ ಗಾಡಿ ಕೊಟ್ರ 2019ರ ತಿದ್ದುಪಡಿ ಪ್ರಕಾರ ಪಾಲಕರಿಗೆ ಇಲ್ಲಾ ಮಾಲೀಕರಿಗೆ 25,000 ದಂಡ, ಮೂರು ವರ್ಷದ ತನಕ ಜೈಲು.

ಗಾಡಿ ಮಾರಿದವರು: ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಗಾಡಿ ಕೈಯಿಂದ ಕೈಗೆ ಹೋಗ್ತದ, ಆರ್‌ಸಿ ಮಾತ್ರ ಮೊದಲಿನವನ ಹೆಸರಲ್ಲೇ ಕುಂತಿರ್ತದ. 2018ರಲ್ಲಿ ಸುಪ್ರೀಂ ಕೋರ್ಟ್ ಖಡಕ್ಕಾಗಿ ಹೇಳಿತು: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿಗೆ ಅವನೇ ಮಾಲೀಕ, ಹೊಣೆಯೂ ಅವನದೇ. ಮಾರಿದವರು ಹೆಸರು ಬದಲಾಯಿಸೋ ತನಕ ಆರಾಮ ಇರಬ್ಯಾಡ್ರಿ. ಕೊಂಡವರು 14 ದಿನದೊಳಗೆ ಪಾಲಿಸಿಯಲ್ಲೂ ಹೆಸರು ಬದಲಿಸಾಕ ಅರ್ಜಿ ಕೊಡ್ರಿ. ನಿಮ್ಮ ಹೆಸರಲ್ಲದ ಪಾಲಿಸಿಯಲ್ಲಿ ಗಾಡಿ ರಿಪೇರಿ, ಕಳವಿನ ಕ್ಲೇಮು ಕಷ್ಟ.

ಭಾಗ 8/10: 2018, ಸವಾರ ಕಾನೂನಿನ ಕಣ್ಣಿಗೆ ಬಿದ್ದ ವರ್ಷ

ಸವಾರನಿಗಂತ ಒಂದು ಸಣ್ಣ ಕಿಟಕಿ ತೆರೆದದ್ದು 2002ರ ಮೋಟಾರ್ ದರಪಟ್ಟಿಯಲ್ಲಿ. ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯವಾಯಿತು. ಪಾಲಿಸಿಯಲ್ಲಿ "ಪಿಎ ಕವರ್" ಅಂತ ಇರ್ತದ. ಆದರೆ ಎಷ್ಟು? ಕಾರಿನವನಿಗೆ 2 ಲಕ್ಷ, ಬೈಕಿನವನಿಗೆ 1 ಲಕ್ಷ. ಬೈಕಿನವನ ಜೀವಕ್ಕೆ ಅರ್ಧ ರೇಟು! ಹೆಚ್ಚು ಸಾಯೋನು ಅವನೇ ಆದರೂ. ಈ 1 ಲಕ್ಷ 16 ವರ್ಷ ಹಾಗೇ ಇತ್ತು.

ಮದ್ರಾಸ್ ಹೈಕೋರ್ಟ್ 2017ರಲ್ಲಿ ಇದು ಸಾಲದು ಅಂದ ಮೇಲೆ, 2018ರ ಸೆಪ್ಟೆಂಬರಿನಲ್ಲಿ ಐಆರ್‌ಡಿಎಐ ಇದನ್ನು 15 ಲಕ್ಷಕ್ಕೆ ಏರಿಸಿತು. ಬೈಕಿಗೂ, ಕಾರಿಗೂ ಒಂದೇ. ಆಗ ವರ್ಷಕ್ಕೆ 750 ರೂಪಾಯಿ ಅಂತ ಗೊತ್ತು ಮಾಡಿದ್ದರು. ಸತ್ತರೆ ಪೂರ್ತಿ 15 ಲಕ್ಷ, ಎರಡು ಕೈ ಅಥವಾ ಕಾಲು ಅಥವಾ ಕಣ್ಣು ಹೋದರೂ ಪೂರ್ತಿ, ಒಂದು ಹೋದರೆ ಅರ್ಧ. ಎದುರಿಗೆ ಚಕ್ಕಡಿ ಇರಲಿ, ಗುಂಡಿ ಇರಲಿ, ನಿಮ್ಮ ತಪ್ಪೇ ಇರಲಿ. ಆದರೆ ಗಾಡಿ ನಿಮ್ಮ ಹೆಸರಲ್ಲಿರಬೇಕು, ಪಾಲಿಸಿ ನಿಮ್ಮ ಹೆಸರಲ್ಲಿರಬೇಕು, ಚಾಲ್ತಿ ಲೈಸೆನ್ಸ್ ಇರಬೇಕು. ಕುಡಿದು ಓಡಿಸಿದ್ರ ಇಲ್ಲ.

ಅದೇ 2018ರ ಸೆಪ್ಟೆಂಬರ್ 1ರಿಂದ ಸುಪ್ರೀಂ ಕೋರ್ಟ್ ಆದೇಶದಂತೆ ಹೊಸ ಬೈಕಿಗೆ ಒಮ್ಮೆಲೇ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯವಾಯಿತು. ಕಾರಣ? ಶೋರೂಮಿನಿಂದ ಹೊರಬಿದ್ದ ಮೇಲೆ ಬೈಕಿನವರು ನವೀಕರಣ ಮಾಡಸ್ತಿರಲಿಲ್ಲ.

ಇಲ್ಲೇ ಒಂದು ಬಲೆ ಐತಿ, ಲಕ್ಷ್ಯ ಕೊಡ್ರಿ. ಶೋರೂಮಿನಾಗ "ಐದು ವರ್ಷ ಇನ್ಶೂರೆನ್ಸ್ ಐತಿ" ಅಂತಾರ. ಐದು ವರ್ಷ ಇರೋದು ಥರ್ಡ್ ಪಾರ್ಟಿ. ನಿಮ್ಮ ಗಾಡಿಯ ನಷ್ಟದ ಭಾಗ ಬಹಳ ಸಲ ಒಂದೇ ವರ್ಷದ್ದು. ಪಿಎ ಕವರ್ ಒಂದು ವರ್ಷದ್ದೂ ಇರಬಹುದು, ಐದು ವರ್ಷದ್ದೂ ಇರಬಹುದು. ಎರಡನೇ ವರ್ಷ ಪೊಲೀಸರು ಚೆಕ್ ಮಾಡಿದ್ರ ಎಲ್ಲಾ ಹಸಿರು ತೋರಸ್ತದ, ಗಾಡಿ ಕಾನೂನಿಗೆ ಸರಿ ಐತಿ. ಆದರೆ ಗಾಡಿ ಮ್ಯಾಲೆ ಕೂತ ನೀವು ಬರಿಮೈಲಿ ಹೊಂಟೀರಿ. ಪಾಲಿಸಿಯ ಮೊದಲ ಪುಟದಲ್ಲಿ ಮೂರು ಬೇರೆ ಬೇರೆ ದಿನಾಂಕ ಇರ್ತಾವ. ಇವತ್ತೇ ತೆಗೆದು ನೋಡ್ರಿ.

ಕೇಳಿ ತಂದ ಗಾಡಿಯ ಪ್ರಶ್ನೆ ಮತ್ತೆ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಬಂತು, ರಾಜಸ್ಥಾನದಿಂದ. ಇಳಕಲ್ ಪ್ರಕರಣದ ತರ್ಕವೇ ಮತ್ತೆ ನಿಂತಿತು. ಪಾಲಿಸಿಯ ಕರಾರಿನಲ್ಲಿದ್ದ 1 ಲಕ್ಷ ಮಾತ್ರ ಆ ಮನೆಯವರಿಗೆ ಸಿಕ್ಕಿತು.

ಭಾಗ 9/10: ಹಂಗಾದ್ರ ನಾನು ಯಾವುದು ತಗೋಬೇಕು?

ಇತಿಹಾಸ ಓದಿದ್ದು ಉಪಯೋಗಕ್ಕೆ ಬರಬೇಕಲ್ಲ.

ಒಂದು: ಥರ್ಡ್ ಪಾರ್ಟಿ. ಇದರಾಗ ಆಯ್ಕೆ ಇಲ್ಲ, ದರವೂ ಸರ್ಕಾರದ್ದೇ, ಯಾವ ಕಂಪನಿಯಲ್ಲಾದರೂ ಒಂದೇ. 75 ಸಿಸಿ ಒಳಗಿದ್ರ 538, 150 ತನಕ 714, 350 ತನಕ 1,366, ಅದರ ಮೇಲೆ 2,804. ಅಂದ್ರ ಬುಲೆಟ್ 350ಕ್ಕೆ 1,366ರ ಲೆಕ್ಕ.

ಎರಡು: ಪಿಎ ಕವರ್, 15 ಲಕ್ಷ. ಇದನ್ನ ಬಿಡಬ್ಯಾಡ್ರಿ. 2019ರ ಜನವರಿಯಿಂದ ಇದನ್ನು ಪ್ರತ್ಯೇಕ ಪಾಲಿಸಿಯಾಗಿಯೂ ಕೊಳ್ಳಬಹುದು. ಗಾಡಿ ಅಪ್ಪನ ಹೆಸರಲ್ಲಿದ್ದು ಓಡಿಸೋರು ನೀವಾಗಿದ್ರ, ಅಪ್ಪನ ಪಿಎ ಕವರ್ ನಿಮ್ಮನ್ನ ಕಾಯ್ತದ ಅಂತ ನಂಬಿ ಕೂಡಬ್ಯಾಡ್ರಿ. ನಿಮ್ಮ ಹೆಸರಲ್ಲೇ ಒಂದು ಸಾಮಾನ್ಯ ಅಪಘಾತ ವಿಮೆ ಮಾಡಿಸ್ರಿ. ಅದು ಯಾರ ಗಾಡಿ ಅಂತ ಕೇಳಂಗಿಲ್ಲ. ಕಾಲೇಜಿನಾಗ ನಮ್ಮಲ್ಲಿ ಹೆಚ್ಚು ಮಂದಿ ಇದೇ ಸ್ಥಿತಿಯಾಗ ಅದೀವಿ.

ಮೂರು: ಗಾಡಿಯ ಸ್ವಂತ ನಷ್ಟ. ಬಿದ್ದು ಮುರಿದರೆ, ಕಳವಾದರೆ, ಬೆಂಕಿ ಹತ್ತಿದರೆ, ನೀರಿಗೆ ಸಿಕ್ಕರೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಇಂಡಿ, ಸಿಂದಗಿ ಕಡೆ ಊರೊಳಗೆ ನೀರು ಬಂತು. ಅಂಥ ನೀರಿನಾಗ ಮುಳುಗಿದ ಗಾಡಿಗೆ ಥರ್ಡ್ ಪಾರ್ಟಿ ಪಾಲಿಸಿ ಒಂದು ರೂಪಾಯಿ ಕೊಡಂಗಿಲ್ಲ.

ಇಲ್ಲಿ ನೋಡಬೇಕಾದ್ದು ಐಡಿವಿ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ. ಆರು ತಿಂಗಳೊಳಗೆ 5% ಇಳೀತದ, ವರ್ಷಕ್ಕೆ 15%, ಎರಡು ವರ್ಷಕ್ಕೆ 20%, ಮೂರಕ್ಕೆ 30%, ನಾಲ್ಕಕ್ಕೆ 40%, ಐದಕ್ಕೆ 50%. ಪ್ರೀಮಿಯಂ ಅಗ್ಗ ಕಾಣಲಿ ಅಂತ ಐಡಿವಿ ಇಳಿಸಿ ತೋರಿಸ್ತಾರ. ಗಾಡಿ ಕಳವಾದ ದಿನ ಸಿಗೋದು ಅಷ್ಟೇ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ ಬದಲಿಸಿದ್ರ ಅರ್ಧ ದುಡ್ಡು ನೀವೇ ಕೊಡಬೇಕು, "ಝೀರೊ ಡೆಪ್" ಇದ್ದರೆ ಅದು ತಪ್ತದ. ಕ್ಲೇಮ್ ಮಾಡದ ವರ್ಷಕ್ಕೆ ಬೋನಸ್ 20%ರಿಂದ ಶುರುವಾಗಿ 50% ತನಕ ಏರ್ತದ. ಪಾಲಿಸಿ ಮುಗಿದು 90 ದಿನ ಬಿಟ್ರ ಹೋಗ್ತದ.

ನನ್ನ ಸಲಹೆ ಇಷ್ಟು. ಗಾಡಿ ಐದು ವರ್ಷದೊಳಗಿನದು, ಸಾಲದ ಮೇಲಿನದು, ಇಲ್ಲಾ ಹಿಂದ ದಿನಾ ಯಾರಾದರೂ ಕೂಡ್ತಾರ ಅಂದ್ರ ಪ್ಯಾಕೇಜ್ ಪಾಲಿಸಿ. ಹತ್ತು ವರ್ಷದ ಹಳೇ ಗಾಡಿ, ಒಬ್ಬರೇ ಓಡಸ್ತೀರಿ, ಹೋದ್ರ 15,000ದ ಗಾಡಿ ಅಂದ್ರ ಸ್ವಂತ ನಷ್ಟದ ಭಾಗ ಬಿಟ್ರೂ ನಡೀತದ. ಥರ್ಡ್ ಪಾರ್ಟಿ, ಪಿಎ ಮಾತ್ರ ಎಂದೂ ಬಿಡಬ್ಯಾಡ್ರಿ. ತಗಡು ಹೋದ್ರ ತಗಡು ಬರ್ತದ.

ಭಾಗ 10/10: ಅಪಘಾತ ಆದ ದಿನ, ಆಮೇಲೆ

2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕ ಬೈಕ್ ಸವಾರ ಹರೀಶ್, ಸಾಯೋ ಹೊತ್ತಿನಲ್ಲಿ ತನ್ನ ಅಂಗ ದಾನ ಮಾಡ್ರಿ ಅಂದ. ಅವನ ಕಣ್ಣು ದಾನವಾದವು. ಅದೇ ವರ್ಷ ರಾಜ್ಯ ಸರ್ಕಾರ ಅವನ ಹೆಸರಲ್ಲೇ ಸಾಂತ್ವನ ಹರೀಶ್ ಯೋಜನೆ ತಂದಿತು: ಅಪಘಾತವಾದವರಿಗೆ ಮೊದಲ 48 ತಾಸಿನ ಚಿಕಿತ್ಸೆಗೆ 25,000 ತನಕ. 2025ರ ಮೇಯಲ್ಲಿ ಕೇಂದ್ರದ ಯೋಜನೆ ಬಂತು: ಗೊತ್ತು ಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನದ ತನಕ 1.5 ಲಕ್ಷದವರೆಗೆ ನಗದಿಲ್ಲದ ಚಿಕಿತ್ಸೆ, ನಿಮ್ಮ ಹತ್ತಿರ ಪಾಲಿಸಿ ಇರಲಿ ಬಿಡಲಿ. ಬಡಿದು ಓಡಿ ಹೋದ ಗಾಡಿ ಸಿಗದಿದ್ದರೆ 2022ರ ಏಪ್ರಿಲ್ 1ರಿಂದ ಸತ್ತವರ ಮನೆಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಅದೇ ದಿನದಿಂದ 163-ಎ ಜಾಗದಲ್ಲಿ ಹೊಸ 164ನೇ ಕಲಂ ಬಂತು: ತಪ್ಪು ಸಾಬೀತಿಲ್ಲದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ.

ಯಾರಿಗಾದರೂ ಆಗಬಾರದ್ದು ಆದ್ರ: ಮೊದಲು 108, 112. ಆಮೇಲೆ ಠಾಣೆಯಲ್ಲಿ ಎಫ್‌ಐಆರ್. "ಇಲ್ಲೇ ಬಗೆಹರಿಸಿಕೊಳ್ಳೋಣ" ಅನ್ನೋ ಹಿರಿಯರ ಮಾತು ಒಳ್ಳೆ ಮನಸ್ಸಿನದೇ ಇರಬಹುದು, ಆದರೆ ಎಫ್‌ಐಆರ್ ಇಲ್ಲದ ಕ್ಲೇಮು ನಿಲ್ಲೋದು ಬಹಳ ಕಷ್ಟ. ಎದುರಿನ ಗಾಡಿ ನಂಬರಿನ ಫೋಟೊ, ಜಾಗದ ಫೋಟೊ, ಆಸ್ಪತ್ರೆಯ ಒಂದೊಂದು ಬಿಲ್ಲು ಇಟ್ಕೊಳ್ರಿ. ವಿಮಾ ಕಂಪನಿಗೆ ಕೂಡಲೇ ತಿಳಿಸ್ರಿ. ನ್ಯಾಯಮಂಡಳಿಗೆ ಅರ್ಜಿ ಹಾಕಾಕ 2019ರ ತಿದ್ದುಪಡಿ ಆರು ತಿಂಗಳ ಗಡುವು ಇಟ್ಟದ. ಆ ಗಡುವಿನ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಎದ್ದದ ಖರೆ, ಆದರೆ ಅದನ್ನ ನಂಬಿ ತಡ ಮಾಡಬ್ಯಾಡ್ರಿ.

1846, 1855, 1930, 1946, 1956, 1982, 1994, 2018, 2022. ಈ ಸಾಲಿನಾಗ ಒಂದು ಮಾತು ಕಾಣ್ತದ. ಕಾನೂನು ಮುಂದ ಬಂದೇತಿ, ಆದರೆ ಯಾವಾಗಲೂ ರಸ್ತೆಗಿಂತ ಒಂದಿಷ್ಟು ವರ್ಷ ಹಿಂದ. ನಡೆದು ಹೋಗುವವನನ್ನು ಅದು 1946ರಲ್ಲಿ ಕಂಡಿತು. ಬೈಕ್ ಸವಾರನ ಜೀವಕ್ಕೆ ಕಾರಿನವನ ಸಮ ಬೆಲೆ ಕಟ್ಟೋಕೆ ಇನ್ನೂ 72 ವರ್ಷ ಬೇಕಾಯಿತು. ಕೇಳಿ ತಂದ ಗಾಡಿಯವನಿಗೆ, ಥರ್ಡ್ ಪಾರ್ಟಿ ಗಾಡಿಯ ಹಿಂದ ಕೂತವಳಿಗೆ ಇನ್ನೂ ಪೂರ್ತಿ ಜಾಗ ಸಿಕ್ಕಿಲ್ಲ. ಆ ಸಂದು ಮುಚ್ಚೋ ತನಕ ಅದನ್ನ ನಾವೇ ನಮ್ಮ ಪಾಲಿಸಿಯಿಂದ ತುಂಬಿಕೋಬೇಕು.

ಪಾಲಿಸಿ ತೆಗೀರಿ, ನಾಲ್ಕು ಸಾಲು ನೋಡ್ರಿ: ಹೆಸರು ಯಾರದು, ಥರ್ಡ್ ಪಾರ್ಟಿ ಎಂದಿನ ತನಕ, ಪಿಎ ಕವರ್ ಐತೋ ಇಲ್ಲೋ, ನಾಮಿನಿ ಯಾರು. ಹೆಲ್ಮೆಟ್ ಹಾಕ್ಕೊಳ್ರಿ, ಹಿಂದ ಕೂತವರಿಗೂ ಹಾಕಿಸ್ರಿ. ಕ್ಲೇಮು ಮಾಡೋ ದಿನ ಬರದೇ ಇರೋದೇ ಎಲ್ಲಕ್ಕಿಂತ ಚಲೋ. ಹತ್ತೂ ಭಾಗ ಸೇವ್ ಮಾಡಿ ಇಟ್ಕೊಳ್ರಿ, ಮನ್ಯಾಗ ಗಾಡಿ ಇದ್ದ ಗೆಳೆಯರಿಗೆ ಕಳಿಸ್ರಿ. ಏನರ ಡೌಟ್ ಇದ್ರ ಕೆಳಗ ಕೇಳ್ರಿ.

#ಗೊಳಸಂಗಿ #ಬಸವನಬಾಗೇವಾಡಿ #ಕೆಎ28 #ಹೆದ್ದಾರಿ50 #ಬೈಕ್‌ಇನ್ಶೂರೆನ್ಸ್ #ನಮ್ಮರಸ್ತೆನಮ್ಮಇತಿಹಾಸ